ಸುದ್ದಿಗೂ ಒಂದು ಹಾಲಿನ ದಾರಿ ಬೇಕು



ನೀವು ಬೆಳಿಗ್ಗೆ ಹಿಂಡಿದ ಹಾಲು ಎಷ್ಟು ಕೈ ದಾಟಿ ಹೋಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ನಿಮ್ಮ ಕೈಯಿಂದ ಊರಿನ ಸಂಘಕ್ಕೆ, ಸಂಘದಿಂದ ಬಿಎಂಸಿಗೆ, ಅಲ್ಲಿಂದ ಟ್ಯಾಂಕರಿನಲ್ಲಿ ಡೇರಿಗೆ. ಮಳೆ ಇರಲಿ, ಜಾತ್ರೆ ಇರಲಿ, ದಿನಕ್ಕೆ ಎರಡು ಸಲ ಈ ದಾರಿ ನಡೆದೇ ನಡೆಯುತ್ತದೆ. ಯಾರು ಯಾರಿಗೆ ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತಿದೆ.

ಈಗ ಇನ್ನೊಂದು ಪ್ರಶ್ನೆ. ರಾತ್ರಿ 10 ಗಂಟೆಗೆ ನಿಮ್ಮ ಸಂಘದ ಕಾರ್ಯದರ್ಶಿಗೆ ಒಂದು ಫೋನ್ ಬರುತ್ತದೆ: "ನವಿಲುತೀರ್ಥದಿಂದ ಹೆಚ್ಚು ನೀರು ಬಿಡುತ್ತಿದ್ದಾರೆ, ಹೊಳೆ ದಂಡೆಯ ದನಗಳನ್ನು ಮೇಲಕ್ಕೆ ಹೊಡೆಯಿರಿ." ಆ ಮಾತು ನಿಮ್ಮ ಮನೆಗೆ ಎಷ್ಟು ಹೊತ್ತಿಗೆ ಬರುತ್ತದೆ? ಯಾರ ಬಾಯಿಂದ ಬರುತ್ತದೆ? ಬರದಿದ್ದರೆ ಬಂದಿಲ್ಲ ಎಂದು ಯಾರಿಗೆ ತಿಳಿಯುತ್ತದೆ?

ಈ ಮೂರು ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯದಿದ್ದರೆ, ನಿಮ್ಮ ಊರಿನಲ್ಲಿ ಹಾಲಿಗೆ ದಾರಿ ಇದೆ, ಸುದ್ದಿಗೆ ಇಲ್ಲ ಎಂದು ಅರ್ಥ. ಪಟ್ಟದಕಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ದೇವಾಲಯಗಳ ಆವರಣಕ್ಕೇ ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹೊಳೆ ಉಕ್ಕುವ ಮೊದಲು ಸಿಗುವ ಸಮಯ ತಾಸುಗಳ ಲೆಕ್ಕದ್ದು. ಆ ತಾಸುಗಳಲ್ಲಿ ಸುದ್ದಿ ಮುಟ್ಟಿದ ಮನೆಯ ಎಮ್ಮೆ ದಿಬ್ಬ ಹತ್ತುತ್ತದೆ, ಮುಟ್ಟದ ಮನೆಯ ಎಮ್ಮೆ ಗೂಟಕ್ಕೆ ಕಟ್ಟಿದಲ್ಲೇ ಇರುತ್ತದೆ.

ಖರ್ಚಿಲ್ಲದೆ, ಹೊಸ ಯಂತ್ರವಿಲ್ಲದೆ, ಸಂಘದ ಮಟ್ಟದಲ್ಲೇ ಸುದ್ದಿಯ ದಾರಿಯನ್ನು ಕಟ್ಟಿಕೊಳ್ಳುವುದು ಹೇಗೆ ಎಂದು ಈ ಲೇಖನದಲ್ಲಿ ನೋಡೋಣ.

ಮೆಟ್ಟಿಲು ಯಾಕೆ ಬೇಕು?

ಪ್ರತಿ ಮನೆಯ ಮುಂದೆ ಟ್ಯಾಂಕರ್ ನಿಲ್ಲುವುದಿಲ್ಲ. ಪ್ರತಿ ಊರಿನಲ್ಲೂ ಬಿಎಂಸಿ ಇರುವುದಿಲ್ಲ. ನಾಲ್ಕಾರು ಊರಿನ ಹಾಲು ಸುಲಭವಾಗಿ ಕೂಡುವ ಜಾಗ ನೋಡಿ ಅಲ್ಲಿ ಒಂದು ಶೀತಲ ಟ್ಯಾಂಕ್ ಇಡುತ್ತಾರೆ. ಟ್ಯಾಂಕಿಗೆ ಹಣ ಬೇಕು ನಿಜ. ಆದರೆ ಹಾಲು ಅಲ್ಲಿ 4 ಡಿಗ್ರಿಗೆ ತಣಿದು ಕಾಯುವುದರಿಂದ ವಾಹನದ ಓಡಾಟ ಉಳಿಯುತ್ತದೆ. ಹನಿಗೂಡಿದರೆ ಹಳ್ಳ ಎನ್ನುವಂತೆ, ಸಣ್ಣ ಸಣ್ಣ ದಾರಿಗಳು ಒಂದೆಡೆ ಕೂಡಿ ಅಲ್ಲಿಂದ ಒಂದೇ ದೊಡ್ಡ ದಾರಿ ಹೊರಡುತ್ತದೆ. ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟುವವರೂ, ವಿದ್ಯುತ್ ತಂತಿ ಎಳೆಯುವವರೂ ಮಾಡುವುದು ಇದನ್ನೇ. ಇದನ್ನು ಶ್ರೇಣೀಕೃತ ಜಾಲ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಾಲ ಎನ್ನುತ್ತಾರೆ.

ಸುದ್ದಿಗೆ ಇದನ್ನು ಅನ್ವಯಿಸೋಣ. ನಿಮ್ಮ ಸಂಘದಲ್ಲಿ ಕಾರ್ಯದರ್ಶಿಯನ್ನು ಬಿಟ್ಟು 120 ಸದಸ್ಯೆಯರಿದ್ದಾರೆ, ಒಂದು ಕರೆಗೆ 2 ನಿಮಿಷ ಬೇಕು ಎಂದಿಟ್ಟುಕೊಳ್ಳಿ.

ಕಾರ್ಯದರ್ಶಿ ಒಬ್ಬಳೇ ಎಲ್ಲರಿಗೂ ಫೋನ್ ಮಾಡಿದರೆ 240 ನಿಮಿಷ, ಅಂದರೆ 4 ತಾಸು. ಕೊನೆಯ ಮನೆಗೆ ಸುದ್ದಿ ಮುಟ್ಟುವಾಗ ನಡುರಾತ್ರಿ 2 ಗಂಟೆ.

ಒಬ್ಬಳು ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ ಎಂದು ಸರಪಳಿಯಂತೆ ಹೇಳಿದರೂ ಅದೇ 4 ತಾಸು. ಮೇಲಾಗಿ ನಡುವೆ ಒಬ್ಬಳ ಫೋನ್ ಬಂದ್ ಇದ್ದರೆ ಅವಳ ಮುಂದಿನವರೆಲ್ಲ ಕತ್ತಲಲ್ಲಿ.

ಎಲ್ಲರೂ ಎಲ್ಲರಿಗೂ ಹೇಳಲಿ ಎಂದರೆ, 120 ಜನರ ನಡುವೆ ಆಗುವ ಜೋಡಿಗಳು 7,140. ಅದು ಜಾಲವಲ್ಲ, ಸಂತೆ.

ಈಗ ಮೆಟ್ಟಿಲು ಕಟ್ಟಿ ನೋಡಿ. ಕಾರ್ಯದರ್ಶಿ 10 ಓಣಿ ಮುಂದಾಳುಗಳಿಗೆ ಫೋನ್ ಮಾಡುತ್ತಾಳೆ: 20 ನಿಮಿಷ. ಪ್ರತಿ ಮುಂದಾಳು ತನ್ನ 11 ಮನೆಗಳಿಗೆ ತಿಳಿಸುತ್ತಾಳೆ: 22 ನಿಮಿಷ. ಒಟ್ಟು 42 ನಿಮಿಷದಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತು. ಗಮನಿಸಿ, ಒಟ್ಟು ಕರೆಗಳು ಆಗಲೂ 120, ಈಗಲೂ 120. ಒಂದು ಪೈಸೆ ಹೆಚ್ಚು ಖರ್ಚಾಗಲಿಲ್ಲ, ಕೆಲಸ ಮಾತ್ರ ಹಂಚಿಹೋಯಿತು.

ಎಷ್ಟು ಮೆಟ್ಟಿಲು ಸಾಕು?

ಹಾಗಾದರೆ ಇನ್ನೊಂದು ಮೆಟ್ಟಿಲು ಸೇರಿಸಬಹುದಲ್ಲ ಎನ್ನಬಹುದು. ಕಾರ್ಯದರ್ಶಿ 4 ಜನರಿಗೆ, ಅವರು ತಲಾ 5 ಜನರಿಗೆ, ಆ 20 ಜನ ತಲಾ 5 ಮನೆಗೆ ಹೇಳಿದರೆ 28 ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಆಗ ಹೊಣೆ ಹೊರಲು 10 ಜನರ ಬದಲು 24 ಜನ ಬೇಕು. ಮಾತು ಇನ್ನೊಂದು ಕಿವಿ ದಾಟಬೇಕು.

ಪ್ರತಿ ಕೊಂಡಿಯಲ್ಲೂ ಹತ್ತರಲ್ಲಿ ಒಂದು ಕರೆ ತಪ್ಪುತ್ತದೆ ಎಂದು ಲೆಕ್ಕ ಹಾಕಿ. ಕಾರ್ಯದರ್ಶಿ ನೇರವಾಗಿ ಹೇಳಿದರೆ 100 ಮನೆಗಳಲ್ಲಿ 90ಕ್ಕೆ ಮುಟ್ಟುತ್ತದೆ. ನಡುವೆ ಒಬ್ಬ ಮುಂದಾಳು ಬಂದರೆ 81. ಇಬ್ಬರು ಬಂದರೆ 73. ಮೆಟ್ಟಿಲು ಹೆಚ್ಚಿದಷ್ಟೂ ಸುದ್ದಿ ಬೇಗ ಇಳಿಯುತ್ತದೆ, ಆದರೆ ಸೋರುವುದೂ ಹೆಚ್ಚುತ್ತದೆ. ನೂರಿನ್ನೂರು ಸದಸ್ಯೆಯರ ಸಂಘಕ್ಕೆ ನಡುವೆ ಒಂದೇ ಮೆಟ್ಟಿಲು ಸಾಕು.

ಉಳಿದ ಸೋರಿಕೆ ತಡೆಯಲು ಪ್ರತಿ ಮುಂದಾಳಿಗೆ ಒಬ್ಬ ಜೊತೆಗಾರ್ತಿ ಇರಲಿ. ಮುಂದಾಳು ಸಿಗದಿದ್ದರೆ ಕಾರ್ಯದರ್ಶಿ ಕೂಡಲೇ ಜೊತೆಗಾರ್ತಿಗೆ ಕರೆ ಮಾಡಬೇಕು. ಇಬ್ಬರೂ ಒಟ್ಟಿಗೆ ಸಿಗದಿರುವುದು ಅಪರೂಪ. ಮೇಲಿನ ಲೆಕ್ಕದಲ್ಲೇ ನೋಡಿದರೆ 81 ಇದ್ದದ್ದು 89ಕ್ಕೆ ಏರುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಬೇರೆಲ್ಲೂ ಸಿಗದು.

ಇನ್ನೊಂದು ಸಣ್ಣ ಉಪಾಯ. ಹತ್ತನೆಯ ಮುಂದಾಳಿಗೆ ಸುದ್ದಿ ಸಿಗುವುದೇ 20 ನಿಮಿಷದ ನಂತರ. ಆದ್ದರಿಂದ ಮೊದಲು ಕರೆ ಹೋಗುವ ಮುಂದಾಳಿಗೆ 15–16 ಮನೆ ಕೊಡಿ, ಕೊನೆಗೆ ಕರೆ ಹೋಗುವವಳಿಗೆ 6–7 ಮನೆ ಸಾಕು. ಹೀಗೆ ಇಳಿಕ್ರಮದಲ್ಲಿ ಹಂಚಿದರೆ 42 ನಿಮಿಷದ ಕೆಲಸ 34 ನಿಮಿಷಕ್ಕೆ ಮುಗಿಯುತ್ತದೆ. ಹೊಳೆ ದಂಡೆಯ ಓಣಿ ಮಾತ್ರ ಈ ಲೆಕ್ಕಕ್ಕೆ ಹೊರತು. ಅವರಿಗೆ ಮೊದಲ ಕರೆಯೂ ಇರಲಿ, ಚಿಕ್ಕ ಪಟ್ಟಿಯೂ ಇರಲಿ.

ಯಾರು ಯಾರ ಗುಂಪಿಗೆ?

ಗುಂಪು ಮಾಡುವಾಗ ನೆಂಟಸ್ತನ, ಗೆಳೆತನ ನೋಡಬೇಡಿ. ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವವರು ಒಂದು ಗುಂಪಾಗಲಿ. ನೆರೆ ಬಂದಾಗ ಕರೆಂಟ್ ಹೋಗುತ್ತದೆ, ಫೋನಿನ ಚಾರ್ಜ್ ಇಳಿಯುತ್ತದೆ, ಟವರ್ ಕೂಡ ಕೈಕೊಡಬಹುದು. ಆಗ ಉಳಿಯುವುದು ಕಾಲು ಮತ್ತು ಕಂಠ ಎರಡೇ.

ಸುಮಾರು ನೂರು ವರ್ಷದ ಹಿಂದೆ ಇಂದಿನ ಚೆಕ್ ದೇಶದ ಮೊರಾವಿಯಾ ಸೀಮೆಯಲ್ಲಿ ಊರೂರಿಗೆ ವಿದ್ಯುತ್ ಕೊಡುವಾಗ ಇಂಥದ್ದೇ ಪ್ರಶ್ನೆ ಎದ್ದಿತ್ತು: ಅತಿ ಕಡಿಮೆ ತಂತಿಯಲ್ಲಿ ಎಲ್ಲ ಊರುಗಳನ್ನೂ ಜೋಡಿಸುವುದು ಹೇಗೆ? ಒಟಾಕರ್ ಬೊರೂವ್ಕಾ ಎಂಬ ಗಣಿತಜ್ಞ 1926ರಲ್ಲಿ ಉತ್ತರ ಕೊಟ್ಟ. ಪ್ರತಿ ಊರನ್ನೂ ಅದಕ್ಕೆ ಅತಿ ಹತ್ತಿರದ ಊರಿಗೆ ಜೋಡಿಸಿ. ಹೀಗೆ ಆದ ಪ್ರತಿ ಗುಂಪನ್ನೂ ಅದಕ್ಕೆ ಅತಿ ಹತ್ತಿರದ ಗುಂಪಿಗೆ ಜೋಡಿಸಿ. ಎಲ್ಲ ಕೂಡಿ ಒಂದಾಗುವವರೆಗೆ ಮುಂದುವರಿಸಿ. ಇಷ್ಟೇ.

ಇದನ್ನು ನೀವು ಸಂಘದ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಮಾಡಬಹುದು. ರಂಗೋಲಿಯ ಚುಕ್ಕಿಗಳಂತೆ ಮನೆಗಳನ್ನು ಗುರುತಿಸಿ, ಹತ್ತಿರದ ಚುಕ್ಕಿಗಳನ್ನು ಗೆರೆ ಎಳೆದು ಕೂಡಿಸಿ. ಒಂದು ಎಚ್ಚರಿಕೆ ಮಾತ್ರ ಇರಲಿ: ತಂತಿ ಉಳಿಸುವುದೊಂದನ್ನೇ ನೋಡಿದರೆ ಉದ್ದನೆಯ ಬಾಲಗಳು ಬೆಳೆಯುತ್ತವೆ, ಒಬ್ಬಳ ಮೇಲೆ ಮೂವತ್ತು ಮನೆಯ ಹೊರೆ ಬೀಳುತ್ತದೆ. ಆದ್ದರಿಂದ ಯಾವ ಗುಂಪೂ 16 ಮನೆ ದಾಟದಿರಲಿ. ಹೊಲದಲ್ಲಿ ತೋಟದ ಮನೆ ಮಾಡಿಕೊಂಡು ಇರುವವರನ್ನು ಊರಿನ ಗುಂಪಿಗೆ ಸೇರಿಸಬೇಡಿ, ಅವರದೇ ಚಿಕ್ಕ ಗುಂಪು ಮಾಡಿ.

ಒಂದು ಕೊಂಡಿ ಕಡಿದರೆ?

ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಇಂಟರ್ನೆಟ್ ಮುಟ್ಟಿಸಲು ಕೇಂದ್ರ ಸರ್ಕಾರ 2011ರಲ್ಲಿ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಎಲ್ಲೆಡೆ ಹೊಸ ಕೇಬಲ್ ಹಾಕಲಿಲ್ಲ. ಆಗಲೇ ನೆಲದಲ್ಲಿದ್ದ ಕೇಬಲ್ಲನ್ನು ಬಳಸಿಕೊಂಡು, ಅಲ್ಲಿಂದ ಪಂಚಾಯಿತಿವರೆಗಿನ ಕೊರತೆಯ ತುಂಡಿಗೆ ಮಾತ್ರ ಹೊಸದು ಎಳೆದರು. ಖರ್ಚು ಉಳಿಸುವ ಬುದ್ಧಿವಂತಿಕೆ ಇದು. ಆದರೆ ಒಂದೇ ಎಳೆಯಾಗಿ ಹೋದ ದಾರಿಯಲ್ಲಿ ಎಲ್ಲೋ ರಸ್ತೆ ಅಗೆದು ಕೇಬಲ್ ಕಡಿದರೆ ಅದರ ಮುಂದಿನ ಊರುಗಳೆಲ್ಲ ಸ್ತಬ್ಧ. ಅದಕ್ಕಾಗಿ 2023ರಲ್ಲಿ ಒಪ್ಪಿದ ತಿದ್ದುಪಡಿ ಯೋಜನೆಯಲ್ಲಿ ಎಳೆಯನ್ನು ಬಳೆಯಾಗಿ ಸುತ್ತಿಸಲು ನಿರ್ಧರಿಸಿದರು. ಬಳೆ ಒಂದು ಕಡೆ ಒಡೆದರೂ ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು.

ನಮಗೆ ಇದರಿಂದ ಎರಡು ಪಾಠ. ಮೊದಲನೆಯದು, ಇರುವ ದಾರಿಯನ್ನು ಮೊದಲು ಬಳಸಿ. ದಿನಕ್ಕೆರಡು ಸಲ ನೀವೆಲ್ಲ ಸಂಘದ ಬಾಗಿಲಿಗೆ ಬರುತ್ತೀರಿ. ಅದಕ್ಕಿಂತ ಅಗ್ಗದ ಜಾಲ ಯಾವುದಿದೆ? ಮುಂದಿನ ವಾರದ ತರಬೇತಿ, ಹಿಂಡಿ ಬಂದಿರುವ ಸುದ್ದಿ, ಸಭೆಯ ದಿನ, ಇವೆಲ್ಲ ಸಂಘದ ಹಲಗೆಯ ಮೇಲೆ ಬರೆದು, ಹಾಲು ಅಳೆಯುವಾಗ ಓದಿ ಹೇಳಿದರೆ ಸಾಕು. ಫೋನಿನ ದಾರಿಯನ್ನು "ಈಗಲೇ" ಎನ್ನುವ ಸುದ್ದಿಗೆ ಮಾತ್ರ ಇಟ್ಟುಕೊಳ್ಳಿ. ಎಲ್ಲದಕ್ಕೂ ಫೋನ್ ಮಾಡಿದರೆ, ನಿಜವಾದ ಸುದ್ದಿ ಬಂದ ರಾತ್ರಿ ಯಾರೂ ಎತ್ತುವುದಿಲ್ಲ.

ಎರಡನೆಯದು, ಮುಂದಾಳುಗಳನ್ನು ಬಳೆಯಂತೆ ಕೂಡಿಸಿ. ಪ್ರತಿ ಮುಂದಾಳಿನ ಬಳಿ ಪಕ್ಕದ ಓಣಿ ಮುಂದಾಳಿನ ಪಟ್ಟಿಯೂ ಇರಲಿ. ಕಾರ್ಯದರ್ಶಿಯೇ ಊರಲ್ಲಿಲ್ಲದ ದಿನ ಸುದ್ದಿ ಯಾರಿಗೆ ಮೊದಲು ಸಿಕ್ಕರೂ ಬಳೆಯಲ್ಲಿ ಸುತ್ತಿ ಎಲ್ಲರಿಗೂ ಮುಟ್ಟುತ್ತದೆ. ಹೆಚ್ಚಿಗೆ ಬೇಕಾದದ್ದು 10 ಕೊಂಡಿ ಮಾತ್ರ.

ಡಂಗುರ ಸಾಲದು, ಮರುಸುದ್ದಿ ಬೇಕು

ಗುಡಿಯ ಮೈಕಿನಲ್ಲಿ ಕೂಗಿದರೆ ಆಗದೇ? ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಆಗದೇ? ಎರಡನ್ನೂ ಮಾಡಿ, ಖರ್ಚೇನೂ ಇಲ್ಲ. ಆದರೆ ಎರಡೂ ಡಂಗುರವಿದ್ದಂತೆ. ಸಾರಿದವನಿಗೆ ಯಾರು ಕೇಳಿಸಿಕೊಂಡರು ಎಂದು ತಿಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ದೊಡ್ಡ ಫೋನ್ ಇರುವುದು ಗಂಡನ ಅಥವಾ ಮಗನ ಕಿಸೆಯಲ್ಲಿ. ಕೊಟ್ಟಿಗೆಯಲ್ಲಿ ಇರುವವರು ನೀವು.

ಅದಕ್ಕಾಗಿ ಸುದ್ದಿ ಇಳಿದ ದಾರಿಯಲ್ಲೇ "ಮುಟ್ಟಿತು" ಎಂಬ ಮಾತು ಮೇಲೇರಬೇಕು. ಪ್ರತಿ ಮುಂದಾಳು ತನ್ನ ಎಲ್ಲ ಮನೆ ಮುಗಿದ ಮೇಲೆ ಕಾರ್ಯದರ್ಶಿಗೆ ಒಂದು ಮಿಸ್ಡ್ ಕಾಲ್ ಕೊಡಲಿ. ಯಾವುದಾದರೂ ಮನೆ ಉಳಿದಿದ್ದರೆ ಮಾತ್ರ ಮಾತಾಡಿ ತಿಳಿಸಲಿ. ಹನ್ನೊಂದು ಕ್ಯಾನಿನ ಹಾಲು ಒಂದು ಟ್ಯಾಂಕಿನಲ್ಲಿ ಕೂಡುವಂತೆ ಹನ್ನೊಂದು ಮನೆಯ ಉತ್ತರ ಒಂದೇ ರಿಂಗಿನಲ್ಲಿ ಕೂಡಿತು. ಕಾರ್ಯದರ್ಶಿ 120 ಉತ್ತರ ಕಾಯಬೇಕಿಲ್ಲ, 10 ರಿಂಗ್ ಎಣಿಸಿದರೆ ಸಾಕು. ಒಂಬತ್ತೇ ಬಂದರೆ ಯಾವ ಓಣಿಗೆ ಆಳು ಓಡಿಸಬೇಕು ಎಂಬುದು ಕೂಡಲೇ ಗೊತ್ತಾಗುತ್ತದೆ.

ಸುದ್ದಿ ಚಿಕ್ಕದಿರಲಿ. ಏನಾಗಿದೆ, ಎಲ್ಲಿ, ಯಾವಾಗ, ಏನು ಮಾಡಬೇಕು ಎಂಬ ನಾಲ್ಕೇ ಮಾತು. ಕೇಳಿದವಳು ಅದನ್ನು ತಿರುಗಿ ಒಪ್ಪಿಸಬೇಕು. ನೆರೆಯ ಸುದ್ದಿಯಾದರೆ ಕೊನೆಯ ಮಾತು ಹೀಗಿರಲಿ: "ದನ ಮೇಲಕ್ಕೆ ಹೊಡೆಯಿರಿ, ಆಗದಿದ್ದರೆ ಹಗ್ಗವನ್ನಾದರೂ ಬಿಚ್ಚಿ." ಬಿಚ್ಚಿದ ದನ ಈಜಿಯಾದರೂ ದಡ ಸೇರಬಹುದು. ಕಟ್ಟಿದ ದನಕ್ಕೆ ಆ ಅವಕಾಶವೂ ಇಲ್ಲ.

ಕೆಳಗಿನಿಂದ ಮೇಲಕ್ಕೆ

ಈ ದಾರಿ ನೆರೆಗೆ ಮಾತ್ರವಲ್ಲ, ದಿನದ ಕೆಲಸಕ್ಕೂ ಬರುತ್ತದೆ. ಆಕಳು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಬೆದೆ ಇರುವುದು ಸಾಮಾನ್ಯವಾಗಿ 12ರಿಂದ 18 ತಾಸು. ಸುದ್ದಿ ತಡವಾಗಿ ಈ ಬೆದೆ ತಪ್ಪಿದರೆ ಮುಂದಿನದು 21 ದಿನಕ್ಕೆ. ಅಷ್ಟು ದಿನದ ಮೇವು, ಹಿಂಡಿ ನಿಮ್ಮ ಕೈಯಿಂದ. ಬೆಳಗಿನ ಹಾಲಿನ ಹೊತ್ತಿಗೆ ಪ್ರತಿ ಮುಂದಾಳು ತನ್ನ ಓಣಿಯ ಬೆದೆಯ ಲೆಕ್ಕ ಕೊಟ್ಟರೆ, ಗರ್ಭಧಾರಣೆ ಕಾರ್ಯಕರ್ತರು ಒಂದೇ ಸುತ್ತಿನಲ್ಲಿ ಎಲ್ಲ ಮನೆ ಮುಗಿಸಬಹುದು.

ಲಸಿಕೆಗೂ ಹೀಗೆಯೇ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. 2ರಿಂದ 8 ಡಿಗ್ರಿಯಲ್ಲಿ ಐಸ್ ಪೆಟ್ಟಿಗೆಯೊಳಗೆ ಬಂದ ಲಸಿಕೆ ನಿಮ್ಮ ದನ ಮೇಯಲು ಹೋಗಿ ಬರುವವರೆಗೆ ಕಾಯುವುದಿಲ್ಲ. ಹಿಂದಿನ ರಾತ್ರಿಯೇ ಮನೆ ಮನೆಗೆ ಸುದ್ದಿ ಮುಟ್ಟಿದರೆ ದನ ಕಟ್ಟಿಯೇ ಇರುತ್ತವೆ.

ಆದರೆ ಕೆಲವು ಸುದ್ದಿಗೆ ಮೆಟ್ಟಿಲು ಹತ್ತುವಷ್ಟು ಸಮಯ ಇರುವುದಿಲ್ಲ. ಹೊಟ್ಟೆ ಉಬ್ಬರ, ಕರು ಅಡ್ಡ ಸಿಕ್ಕಿರುವುದು, ಈದ ಮೇಲೆ ಆಕಳು ಏಳದೆ ಮಲಗಿರುವುದು, ಹಾವು ಕಡಿತ, ಇವುಗಳಲ್ಲಿ ಮುಂದಾಳನ್ನು ಕಾಯಬೇಡಿ. ನೇರವಾಗಿ ನಿಮ್ಮ ಪಶುವೈದ್ಯರಿಗೆ ಅಥವಾ ಪಶು ಸಂಜೀವಿನಿಯ 1962 ಸಂಖ್ಯೆಗೆ ಕರೆ ಮಾಡಿ.

ಸುದ್ದಿಯ ಜೊತೆ ರೋಗ ಹೋಗದಿರಲಿ

ಪಶುವೈದ್ಯೆಯಾಗಿ ನಾನು ಒತ್ತಿ ಹೇಳಬೇಕಾದ ಮಾತು ಇದು. ಬಾಯಲ್ಲಿ ಜೊಲ್ಲು, ನಾಲಿಗೆಯ ಮೇಲೆ ಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು ಕಂಡರೆ ಅದು ಕಾಲುಬಾಯಿ ಜ್ವರ ಇರಬಹುದು. ಅದರ ವೈರಾಣು ಚಪ್ಪಲಿಯಲ್ಲಿ, ಸೀರೆಯ ಅಂಚಿನಲ್ಲಿ, ಕೈಯಲ್ಲಿ, ಹಾಲಿನ ಪಾತ್ರೆಯಲ್ಲಿ ಪ್ರಯಾಣ ಮಾಡುತ್ತದೆ. ಅಂದರೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದು ಸುದ್ದಿ ಹೇಳಿದವಳೇ ರೋಗವನ್ನೂ ಹಂಚಿಬಿಡಬಹುದು. ಆದ್ದರಿಂದ ನೆರೆಗೆ ಒಂದು ನಿಯಮ, ರೋಗಕ್ಕೆ ಇನ್ನೊಂದು. ನೆರೆಯಲ್ಲಿ ಬಾಗಿಲು ಬಡಿಯಿರಿ. ರೋಗದಲ್ಲಿ ಫೋನಿನಲ್ಲೇ ಹೇಳಿ; ಫೋನ್ ಇಲ್ಲದ ಮನೆಗೆ ರಸ್ತೆಯಲ್ಲಿ ನಿಂತು ಕೂಗಿ, ಅಂಗಳಕ್ಕೆ ಕಾಲಿಡಬೇಡಿ. ರೋಗ ಕಂಡ ಮನೆಯವರು ಯಾರ ಮುಂದಾಳುವಾಗಿದ್ದರೂ ಅಂದು ಅವರ ಕೆಲಸ ಜೊತೆಗಾರ್ತಿಗೆ ಹೋಗಲಿ.

ಈ ರೋಗ ಹೊರಗೆ ಕಾಣಿಸಲು 2ರಿಂದ 14 ದಿನ ಬೇಕಾಗಬಹುದು. ಮೊದಲ ಮನೆಯವಳು "ಹಾಲು ನಿಂತುಬಿಡುತ್ತದೆ" ಎಂದು ಅಂಜಿ ಮುಚ್ಚಿಟ್ಟರೆ ಅಷ್ಟರಲ್ಲಿ ಸಾಮೂಹಿಕ ನೀರಿನ ತೊಟ್ಟಿಯಿಂದ ಓಣಿಯೇ ರೋಗ ಕುಡಿದಿರುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಅದು ಎಷ್ಟು ಬೇಗ ಊರಿಂದೂರಿಗೆ ಹಬ್ಬಿತು ಎಂಬುದು ನಿಮಗೆ ನೆನಪಿದೆ. ಮೊದಲು ಹೇಳಿದವಳನ್ನು ಬೈಯದೆ, ದೂರವಿಡದೆ, ಅವಳ ಮಾತಿಗೆ ಸಂಘ ಬೆಂಬಲ ಕೊಟ್ಟರೆ ಮಾತ್ರ ಈ ದಾರಿ ಬಾಳುತ್ತದೆ. ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಈ ತಿಂಗಳು ಮಾಡಬೇಕಾದ್ದು

1. ಮುಂದಿನ ಸಭೆಯಲ್ಲಿ ಒಂದು ತಾಸು ಇದಕ್ಕೆ ಕೊಡಿ. ಅಂಗಳದಲ್ಲಿ ಊರಿನ ನಕ್ಷೆ ಬಿಡಿಸಿ, ಗುಂಪು ಮಾಡಿ.

2. ಪ್ರತಿ ಗುಂಪಿಗೆ ಒಬ್ಬ ಮುಂದಾಳು, ಒಬ್ಬ ಜೊತೆಗಾರ್ತಿ. ಮುಂದಾಳು ಹೆಚ್ಚು ಓದಿದವಳೇ ಆಗಬೇಕಿಲ್ಲ. ಫೋನ್ ಅವಳ ಕೈಯಲ್ಲೇ ಇರಬೇಕು, ರಾತ್ರಿ ಎತ್ತಬೇಕು.

3. ಪಟ್ಟಿಯನ್ನು ಕಾಗದದ ಮೇಲೆ ಬರೆದು ಕೊಡಿ. ಫೋನಿನೊಳಗೆ ಇದ್ದದ್ದು ಫೋನಿನ ಜೊತೆ ಹೋಗುತ್ತದೆ. ಸಂಘದ ಗೋಡೆಗೂ ಒಂದು ಪ್ರತಿ ಅಂಟಿಸಿ.

4. ಫೋನ್ ಇಲ್ಲದವರು, ಒಬ್ಬರೇ ಇರುವ ಅಜ್ಜಿಯರು, ಬಸುರಿಯರು ಇರುವ ಮನೆಗೆ ಗುರುತು ಹಾಕಿ. ಆ ಮನೆಗೆ ಯಾರು ನಡೆದು ಹೋಗಬೇಕು ಎಂದು ಹೆಸರು ಬರೆಯಿರಿ.

5. ಮುಂಗಾರು ಬಲಿಯುವ ಮುನ್ನ ಒಂದು ಸಂಜೆ, ಮುಂಚೆ ತಿಳಿಸಿಯೇ, ಪರೀಕ್ಷೆ ಮಾಡಿ. "ಇದು ಪರೀಕ್ಷೆ" ಎಂಬ ಮಾತನ್ನು ಕಾರ್ಯದರ್ಶಿ ಬಿಡಲಿ, ಹತ್ತನೆಯ ರಿಂಗ್ ಬಂದ ಸಮಯ ಬರೆದಿಡಿ. ಯಾವ ಮನೆ ಉಳಿಯಿತು ನೋಡಿ, ಅಲ್ಲಿಯ ಕೊಂಡಿ ಬದಲಿಸಿ.

6. ಸೊಸೆ ಬಂದಾಗ, ಮಗಳು ಮದುವೆಯಾಗಿ ಹೋದಾಗ, ನಂಬರ್ ಬದಲಾದಾಗ ಪಟ್ಟಿ ಹಳೆಯದಾಗುತ್ತದೆ. ಆರು ತಿಂಗಳಿಗೊಮ್ಮೆ, ಲಸಿಕೆಯ ದಿನವೇ, ಅದನ್ನು ತಿದ್ದಿಕೊಳ್ಳಿ.

ಪಟ್ಟಿಯ ಒಂದು ಪ್ರತಿಯನ್ನು ನಿಮ್ಮ ವಿಸ್ತರಣಾಧಿಕಾರಿಗೂ ಕೊಡಿ. ಆಗ ಒಕ್ಕೂಟದಿಂದ ಬರುವ ಸುದ್ದಿ ಸಂಘದ ಬಾಗಿಲಲ್ಲೇ ನಿಲ್ಲದೆ ನಿಮ್ಮ ಕೊಟ್ಟಿಗೆವರೆಗೆ ಬರುತ್ತದೆ.